ಬೋರ್ಡ್ ಹೊಸದು, ಒಳಗಿನ ವಿಂಡೋಸ್ ಹಳೇದೇ

ಡಿಸೆಂಬರ್ 21, 2025, ಭಾನುವಾರ
ತುಮಕೂರು

ಧನುರ್ಮಾಸ ಶುರುವಾಗಿದೆ, ಸಂಕ್ರಾಂತಿವರೆಗೆ ಮದುವೆಗಳಿಲ್ಲ. ಆಷಾಢ ಬಿಟ್ಟರೆ ಎಡಿಟಿಂಗ್ ಸಿಸ್ಟಮ್ ಬಿಚ್ಚಿ ಹರಡಿಕೊಳ್ಳಲು ಸಿಗುವ ಸಮಯ ಇದೊಂದೇ. ಹಾಗಾಗಿ ಈ ವಾರ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಬದಲಾಯಿಸಿದೆ. ವಿಂಡೋಸ್ ಮಾತ್ರ ಹೊಸದಾಗಿ ಹಾಕಲಿಲ್ಲ. ಹೇಗೆ ಮಾಡಿದೆ ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನಂತೆ ಮದುವೆ ವಿಡಿಯೋ ಎಡಿಟ್ ಮಾಡುವ ತುಂಬಾ ಜನ ಇದೇ ಚಿಂತೆಯಲ್ಲಿದ್ದಾರೆ ಅಂತ ನನಗೆ ಗೊತ್ತು.

ನನ್ನದು 2017ರ ಸಿಸ್ಟಮ್. ಪ್ರೊಸೆಸರ್ ಇಂಟೆಲ್‌ನ 7ನೇ ಜನರೇಷನ್ ಐ7-7700, ನಾಲ್ಕು ಕೋರ್. ಜೊತೆಗೆ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ಡಿಡಿಆರ್4 ರ‍್ಯಾಮ್. ಇಷ್ಟು ವರ್ಷ ಚೆನ್ನಾಗಿಯೇ ದುಡಿದಿದೆ. ಕಷ್ಟ ಶುರುವಾಗಿದ್ದು ಕ್ಯಾಮೆರಾದವರು ಸೋನಿ ಎ7 ಮಾರ್ಕ್ ಫೋರ್‌ನಲ್ಲಿ ಶೂಟ್ ಮಾಡಿದ ಫುಟೇಜ್ ತಂದುಕೊಡಲು ಶುರು ಮಾಡಿದ ಮೇಲೆ. ಅದು ಎಚ್.265 (ವಿಡಿಯೋ ಫೈಲನ್ನು ಚಿಕ್ಕದಾಗಿ ಕುಗ್ಗಿಸುವ ವಿಧಾನ), 10 ಬಿಟ್, 4:2:2. ಟೈಮ್‌ಲೈನ್‌ನಲ್ಲಿ ಹಾಕಿ ಪ್ಲೇ ಒತ್ತಿದರೆ ಚಿತ್ರ ನಿಂತು ನಿಂತು ಓಡುತ್ತಿತ್ತು. ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಹಗುರವಾದ ಕಾಪಿ, ಮಾಡಿಕೊಳ್ಳೋಣ ಎಂದರೆ ಅದನ್ನು ಮಾಡುವುದಕ್ಕೇ ರಾತ್ರಿಯೆಲ್ಲ ಹಿಡಿಯುತ್ತಿತ್ತು.

ಆ ಫುಟೇಜ್ ಬೇಡ ಅನ್ನಲು ನನಗೆ ಮನಸ್ಸಿಲ್ಲ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. 4:2:0ರಲ್ಲಿ ಇರುವುದಕ್ಕಿಂತ ಎರಡು ಪಟ್ಟು ಬಣ್ಣದ ಮಾಹಿತಿ 4:2:2ರಲ್ಲಿ ಇರುತ್ತದೆ. ಧಾರೆ ಸೀರೆಯ ಕೆಂಪು ಅಂಚು, ಛತ್ರದ ಹಳದಿ ಬೆಳಕಲ್ಲಿ ಹುಡುಗಿಯ ಮುಖದ ಬಣ್ಣ, ಇದನ್ನೆಲ್ಲ ಸರಿ ಮಾಡುವಾಗ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಡಿಸ್ಕ್ ಸ್ಲೋ ಇರಬೇಕು, ಎಸ್‌ಎಸ್‌ಡಿ ಹಾಕಿ ನೋಡಿ ಎಂದವರಿದ್ದಾರೆ. ಲೆಕ್ಕ ಹಾಕಿದರೆ ಅದಲ್ಲ. ಈ ಫುಟೇಜ್ ಸೆಕೆಂಡಿಗೆ ಹೆಚ್ಚೆಂದರೆ 200 ಮೆಗಾಬಿಟ್, ಅಂದರೆ 25 ಮೆಗಾಬೈಟ್. ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಅಷ್ಟನ್ನು ಆರಾಮಾಗಿ ಓದುತ್ತದೆ. ತೊಡಕಿರುವುದು ಡಿಕೋಡ್ ಮಾಡುವುದರಲ್ಲಿ, ಅಂದರೆ ಕುಗ್ಗಿಸಿದ ವಿಡಿಯೋವನ್ನು ಬಿಡಿಸಿ ತೋರಿಸುವುದರಲ್ಲಿ. ಈ 4:2:2 ಎಚ್.265 ಅನ್ನು ನೇರವಾಗಿ ಬಿಡಿಸುವ ಭಾಗ ಜಿಟಿಎಕ್ಸ್ 1060ರಲ್ಲೂ ಇಲ್ಲ, 7ನೇ ಜನರೇಷನ್ ಇಂಟೆಲ್‌ನಲ್ಲೂ ಇಲ್ಲ. ಎಲ್ಲ ಭಾರ ನಾಲ್ಕು ಕೋರ್‌ಗಳ ಮೇಲೆ ಬೀಳುತ್ತದೆ. 11ನೇ ಜನರೇಷನ್‌ನಿಂದ ಈಚೆಗೆ ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಆ ಭಾಗ ಇದೆ.

ಎಸ್‌.ಪಿ. ರೋಡಿಗೆ, ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರ್ಕೆಟ್ಟಿಗೆ, ಹೋದೆ. ಐ5-14500 ತೆಗೆದುಕೊಂಡೆ, 14 ಕೋರ್, 20 ಥ್ರೆಡ್. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರ್‌ಗಳು ಸ್ವಲ್ಪ ಅಗ್ಗ. ಆದರೆ ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ನಮಗೆ ಬೇಕಾದದ್ದೇ ಅದು, ಅಲ್ವಾ? ಹಣ ಉಳಿಯುತ್ತದೆ ಅಂತ ಎಫ್ ತೆಗೆದುಕೊಂಡರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ ಆಗುತ್ತದೆ. ಬೋರ್ಡ್ ಬಿ760, ಅದರಲ್ಲೂ ಡಿಡಿಆರ್4 ಹಾಕುವಂಥದ್ದನ್ನು ಕೇಳಿ ತೆಗೆದುಕೊಂಡೆ. ಇದೇ ಬೋರ್ಡ್ ಡಿಡಿಆರ್5 ರ‍್ಯಾಮ್‌ಗೂ ಬೇರೆ ಬರುತ್ತದೆ. ಈಗ ರ‍್ಯಾಮ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗುತ್ತಿರುವುದರಿಂದ ಕೆಲವು ತಿಂಗಳಿಂದ ಏರುತ್ತಲೇ ಇದೆ. ಹಳೇ 32 ಜಿಬಿಯನ್ನೇ ಹೊಸ ಬೋರ್ಡಿಗೆ ಕೂರಿಸಿದ್ದರಿಂದ ದೊಡ್ಡ ಖರ್ಚು ತಪ್ಪಿತು. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ) ಮಾತ್ರ ಹೊಸದು, ಎಂಟು ವರ್ಷದ್ದನ್ನು ನಂಬುವುದು ಬೇಡ ಅನ್ನಿಸಿತು. ಬಿಚ್ಚಿ ಸಿಕ್ಕಿಸುವ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಆದರೆ ಹಳೇ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ. ಪ್ಲಗ್ ಕೂತರೂ ಒಳಗಿನ ಪಿನ್‌ಗಳ ಕ್ರಮ ಬೇರೆ ಇರಬಹುದು, ಡಿಸ್ಕ್‌ಗಳೆಲ್ಲ ಸುಟ್ಟುಹೋಗುತ್ತವೆ.

ಅಂಗಡಿಯ ಹುಡುಗ, “ಮೇಡಂ, ಬೋರ್ಡ್ ಚೇಂಜ್ ಆದ್ರೆ ಫಾರ್ಮ್ಯಾಟ್ ಮಾಡ್ಲೇಬೇಕು. ಸಿಸ್ಟಮ್ ತನ್ನಿ, ನಾನೇ ಹೊಸ ವಿಂಡೋಸ್ ಹಾಕಿಕೊಡ್ತೀನಿ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬರೀ ಬ್ರೌಸರ್ ಮತ್ತು ಟ್ಯಾಲಿ ಇರುವ ಸಿಸ್ಟಮ್ ಆಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ.

ಎಡಿಟಿಂಗ್ ಸಿಸ್ಟಮ್ ಹಾಗಲ್ಲ. ನಾನು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಮತ್ತು ಎಡಿಯಸ್. ಪ್ರೀಮಿಯರ್‌ನ ಶಾರ್ಟ್‌ಕಟ್‌ಗಳು, ಕಲರ್ ಪ್ರೀಸೆಟ್‌ಗಳು, ಹಳೇ ಎಡಿಯಸ್ ಪ್ರಾಜೆಕ್ಟ್‌ಗಳು ಎಲ್ಲ ಅದರಲ್ಲೇ ಇವೆ. ಇನ್‌ಸ್ಟಾಲರ್ ಈಗ ಎಲ್ಲೂ ಸಿಗದ ಒಂದು ಪ್ಲಗಿನ್ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಫಾಂಟ್‌ಗಳು. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಮಾಡಿದ ಟೈಟಲ್‌ಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದಿದ್ದರೆ ‘ಶುಭ ವಿವಾಹ’ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬರುತ್ತದೆ. ಫುಟೇಜ್ ಇರುವ ಎಫ್ ಡ್ರೈವ್ ಎಫ್ ಆಗಿಯೇ ಇರಬೇಕು, ಇಲ್ಲದಿದ್ದರೆ ಪ್ರಾಜೆಕ್ಟ್ ತೆರೆದಾಗಲೆಲ್ಲ ‘ಮೀಡಿಯಾ ಆಫ್‌ಲೈನ್’. ಎಂಟು ವರ್ಷ ಕೂತು ಹೊಂದಿಸಿದ ಕೆಲಸದ ಜಾಗ ಇದು. ಡಬ್ಬಿಯೊಳಗಿನ ಚಿಪ್‌ಗಿಂತ ನನಗೆ ಇದರ ಬೆಲೆಯೇ ಜಾಸ್ತಿ.

ವಿಂಡೋಸ್ 10 ಬೋರ್ಡ್ ಬದಲಾದರೆ ಗಾಬರಿಯಾಗುವುದಿಲ್ಲ. ಹೊಸ ಹಾರ್ಡ್‌ವೇರ್ ನೋಡಿ ತಾನೇ ಡ್ರೈವರ್ ಹೊಂದಿಸಿಕೊಳ್ಳುತ್ತದೆ. ತೊಂದರೆ ಬರುವುದು ಬೂಟ್ ಆಗುವ ರೀತಿಯಲ್ಲಿ. ನನ್ನ ಸಿ ಡ್ರೈವ್ ಇರುವ ಡಿಸ್ಕ್ ವಿಂಗಡಿಸಿರುವುದು ಹಳೇ ಎಂಬಿಆರ್ ವಿಧಾನದಲ್ಲಿ. ಹೊಸ ಬೋರ್ಡ್‌ಗಳು ಕೇಳುವುದು ಯುಇಎಫ್‌ಐ (ಹೊಸ ಬೂಟ್ ವಿಧಾನ) ಮತ್ತು ಜಿಪಿಟಿ (ಡಿಸ್ಕ್ ವಿಂಗಡಿಸುವ ಹೊಸ ವಿಧಾನ). ಇದನ್ನು ಹಳೇ ಬೋರ್ಡ್ ಇನ್ನೂ ಜೀವಂತ ಇರುವಾಗಲೇ ಸರಿ ಮಾಡಿಕೊಳ್ಳಬೇಕು.

ಮೊದಲು ಡಿಸ್ಕ್ ಕಾಪಿ ಮಾಡುವ ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್‌ನಿಂದ ಸಿ ಡ್ರೈವ್‌ನ ಎಸ್‌ಎಸ್‌ಡಿಯನ್ನು ಇನ್ನೊಂದು ಎಸ್‌ಎಸ್‌ಡಿಗೆ ಪೂರ್ತಿ ಕಾಪಿ ಮಾಡಿದೆ. ಅಸಲಿಯನ್ನು ಬಿಚ್ಚಿ ಬೀರುವಿನಲ್ಲಿಟ್ಟೆ. ಇನ್ನು ಏನೇ ಆದರೂ ಅದನ್ನು ಮತ್ತೆ ಸಿಕ್ಕಿಸಿದರೆ ಹಳೇ ಸಿಸ್ಟಮ್ ವಾಪಸ್. ಆಮೇಲೆ ಕಾಪಿಯ ಮೇಲೆ ವಿಂಡೋಸ್‌ನಲ್ಲೇ ಬರುವ ಎಂಬಿಆರ್2ಜಿಪಿಟಿ ಓಡಿಸಿದೆ. ಮೊದಲು ಪರೀಕ್ಷೆ ಮಾತ್ರ ಮಾಡುವ ‘ವ್ಯಾಲಿಡೇಟ್’, ಅದು ಸರಿ ಅಂದ ಮೇಲೆ ‘ಕನ್ವರ್ಟ್’. ಡೇಟಾ ಅಳಿಸುವುದಿಲ್ಲ. ಹಳೇ ಬೋರ್ಡಿನ ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ಸ್ ಪರದೆ) ಯುಇಎಫ್‌ಐಗೆ ಬದಲಾಯಿಸಿದೆ. ಸರಿಯಾಗಿ ಬೂಟ್ ಆದದ್ದನ್ನು ನೋಡಿದ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಬಿಚ್ಚುವ ಮೊದಲು ಇನ್ನೂ ಕೆಲವು ಕೆಲಸ ಇತ್ತು. ಎಡಿಯಸ್ ಲೈಸೆನ್ಸ್ ಡಿಆಕ್ಟಿವೇಟ್ ಮಾಡಿದೆ, ಅಡೋಬಿಯಿಂದ ಸೈನ್ ಔಟ್ ಆದೆ. ವಿಂಡೋಸ್ ಲೈಸೆನ್ಸ್ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿದೆಯಾ ಅಂತ ನೋಡಿದೆ. ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸ್ ಹೊಸ ಬೋರ್ಡಿಗೆ ಬರುತ್ತದೆ, ಸಿಸ್ಟಮ್ ಜೊತೆ ಬಂದ ಒಇಎಂ ಲೈಸೆನ್ಸ್ ಬರುವುದಿಲ್ಲ. ಅಕೌಂಟ್ ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟೆ. ದಿನಾ ಪಿನ್ ಹಾಕಿ ಒಳಗೆ ಹೋಗುವವರಿಗೆ ಬೋರ್ಡ್ ಬದಲಾದ ಮೇಲೆ ಆ ಪಿನ್ ನಡೆಯದೇ ಇರಬಹುದು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದವರು ರಿಕವರಿ ಕೀ ಇಲ್ಲದೆ ಮುಂದೆ ಹೋಗಬೇಡಿ. ಇಂಟರ್ನೆಟ್ ಸಿಗಲು ಬೇಕಾದ ಹೊಸ ಬೋರ್ಡಿನ ಲ್ಯಾನ್ ಡ್ರೈವರ್ ಪೆನ್‌ಡ್ರೈವ್‌ಗೆ ಹಾಕಿಕೊಂಡೆ, ಅದು ನಿಜಕ್ಕೂ ಬೇಕಾಯಿತು.

ಜೋಡಿಸಿ ಆನ್ ಮಾಡಿದೆ. ‘ಗೆಟಿಂಗ್ ಡಿವೈಸಸ್ ರೆಡಿ’ ಅಂತ ಬಂತು, ತಾನೇ ರೀಸ್ಟಾರ್ಟ್ ಆಯಿತು, ಆಮೇಲೆ ನನ್ನದೇ ಡೆಸ್ಕ್‌ಟಾಪ್, ಐಕಾನ್‌ಗಳು ಇದ್ದಲ್ಲೇ. ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಆಕ್ಟಿವೇಶನ್ ಹೋಗಿತ್ತು. ಟ್ರಬಲ್‌ಶೂಟ್‌ನಲ್ಲಿ ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಆಯ್ಕೆ ಒತ್ತಿದೆ, ಸರಿಯಾಯಿತು.

ಈಗ ಬಹಳ ಜನ ಗಮನಿಸದ ವಿಷಯ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಸಾಮಾನ್ಯವಾಗಿ ಬೋರ್ಡ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಅನ್ನು ಆಫ್ ಮಾಡಿಬಿಡುತ್ತದೆ. ಬಯಾಸ್‌ನಲ್ಲಿ ‘ಐಜಿಪಿಯು ಮಲ್ಟಿ ಮಾನಿಟರ್’ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಆನ್ ಮಾಡಬೇಕು. ಆಮೇಲೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾಗೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್‌ನಲ್ಲಿ ಇಂಟೆಲ್ ಟಿಕ್ ಮಾಡಬೇಕು. ಇದನ್ನು ಮಾಡಿ ಪ್ರೀಮಿಯರ್ ಮತ್ತೆ ತೆರೆದೆ. ನಿಂತು ನಿಂತು ಓಡುತ್ತಿದ್ದ ಅದೇ ಮುಹೂರ್ತದ ಕ್ಲಿಪ್‌ಗಳು ಪ್ರಾಕ್ಸಿ ಇಲ್ಲದೆ ನೀಟಾಗಿ ಓಡಿದವು. ಕಲರ್ ಹಾಕಿದ ಮೇಲೂ ಓಡಿದವು.

ವಿಂಡೋಸ್ 11 ಇನ್ನೂ ಹಾಕಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆದರೆ ಮೈಕ್ರೋಸಾಫ್ಟ್‌ನ ಹೆಚ್ಚುವರಿ ಅಪ್‌ಡೇಟ್ ಯೋಜನೆಯಾದ ಇಎಸ್‌ಯುಗೆ ಸೇರಿರುವುದರಿಂದ 2026ರ ಅಕ್ಟೋಬರ್‌ವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಬರುತ್ತವೆ. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನು ಕೆಟ್ಟಿತು ಅಂತ ತಿಳಿಯುವುದಿಲ್ಲ. ಒಂದು ಮದುವೆಯ ಪೂರ್ತಿ ಎಡಿಟ್ ಇದರಲ್ಲಿ ಮುಗಿಸಿ, ಆಮೇಲೆ ಫೈಲ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆಯಿಂದ ಅಪ್‌ಗ್ರೇಡ್ ಮಾಡುತ್ತೇನೆ.

8ನೇ ಜನರೇಷನ್ ಅಥವಾ ಅದರ ನಂತರದ ಪ್ರೊಸೆಸರ್ ಇರುವವರು ಬೋರ್ಡ್ ಮುಟ್ಟುವ ಮೊದಲು ಒಮ್ಮೆ ಯೋಚಿಸಿ. ನಿಮ್ಮ ಸಿಸ್ಟಮ್‌ಗೆ ವಿಂಡೋಸ್ 11 ಹೇಗಿದ್ದರೂ ಬರುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು ಈಗ 4:2:2 ಅನ್ನು ತಾವೇ ಡಿಕೋಡ್ ಮಾಡುತ್ತವೆ. ಎಸ್‌ಎಂಪಿಎಸ್ ತಡೆದುಕೊಂಡರೆ ಕಾರ್ಡ್ ಒಂದನ್ನೇ ಬದಲಾಯಿಸಿದರೂ ಸಾಕಾಗಬಹುದು.