ಕಬ್ಬಿನ ಸೋಗೆ, ಬಾಗಿದ ಬೈಕು

ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರದ ಕಡೆ ಬೈಕ್ ಓಡಿಸಿದವರಿಗೆ ಗೊತ್ತು. ಟ್ರ್ಯಾಕ್ಟರ್ ಹೋದ ದಾರಿಯಲ್ಲೆಲ್ಲ ಸೋಗೆ ಬಿದ್ದಿರುತ್ತದೆ. ಗದ್ದೆಯ ಹಸಿ ಮಣ್ಣು ಟಾರಿಗೆ ಅಂಟಿರುತ್ತದೆ.

ಮೇಲುಕೋಟೆಯಿಂದ ಮೈಸೂರಿಗೆ ಗೆಳೆಯನ ಕೆಟಿಎಂ 390 ಅಡ್ವೆಂಚರ್‌ನಲ್ಲಿ ವಾಪಸ್ ಬರುತ್ತಿದ್ದೆ. ಅವನು ನನ್ನ ಬೈಕ್ ತಗೊಂಡು ಹಿಂದೆ ಬರುತ್ತಿದ್ದ. ಜಕ್ಕನಹಳ್ಳಿ ದಾಟಿದ ಮೇಲೆ ಒಂದು ಎಡ ತಿರುವು. ಬೈಕ್ ಚೆನ್ನಾಗಿ ಬಾಗಿತ್ತು. ಅರ್ಧ ತಿರುಗುವಷ್ಟರಲ್ಲಿ ಕಬ್ಬಿನ ಟ್ರೇಲರ್ ಒಂದು ರಸ್ತೆಯಲ್ಲೇ ನಿಂತಿರುವುದು ಕಂಡಿತು. ಸುತ್ತ ಸೋಗೆ. ಮುಂದಿನ ಬ್ರೇಕ್ ಒತ್ತಿದೆ. ಬೆರಳಿನಡಿ ಲಿವರ್ ಸಣ್ಣಗೆ ನಡುಗಿತು. ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ, ಕೆಲಸ ಶುರು ಮಾಡಿತ್ತು. ಬೈಕ್ ನೆಟ್ಟಗಾಗಿ ಆಚೆ ಬದಿಗೆ ನುಗ್ಗಲಿಲ್ಲ, ಹಿಡಿದ ದಾರಿಯಲ್ಲೇ ತಿರುಗುತ್ತಾ ಟ್ರೇಲರ್‌ಗಿಂತ ಸಾಕಷ್ಟು ಹಿಂದೆ ನಿಂತಿತು.

ಮಾಮೂಲಿ ಎಬಿಎಸ್ ನೋಡುವುದು ಚಕ್ರದ ವೇಗ ಮಾತ್ರ. ಚಕ್ರ ಲಾಕ್ ಆಗುವ ಹಂತಕ್ಕೆ ಬಂದರೆ ಬ್ರೇಕ್ ಒತ್ತಡ ಸಡಿಲಿಸುತ್ತದೆ. ನೇರ ರಸ್ತೆಗೆ ಅಷ್ಟು ಸಾಕು. ತಿರುವಿನಲ್ಲಿ ಕಥೆಯೇ ಬೇರೆ. ಟಯರಿನ ಹಿಡಿತ ಒಂದು ನಾಲೆಯ ನೀರಿದ್ದ ಹಾಗೆ, ತಿರುಗುವುದಕ್ಕೆ ಜಾಸ್ತಿ ಹರಿದರೆ ಬ್ರೇಕಿಗೆ ಉಳಿಯುವುದು ಕಡಿಮೆ. ಅದರ ಮೇಲೆ, ಬಾಗಿದಾಗ ಟಯರ್ ನೆಲ ಮುಟ್ಟುವ ಜಾಗ ನಡುವಿನಿಂದ ಪಕ್ಕಕ್ಕೆ ಸರಿದಿರುತ್ತದೆ. ಆಗ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಹ್ಯಾಂಡಲ್ ಎಳೆದಂತಾಗಿ ಬೈಕ್ ಎದ್ದು ನಿಲ್ಲಲು ನೋಡುತ್ತದೆ. ಈ ಬೈಕಿನಲ್ಲಿ ಬಾಗು ಅಳೆಯುವ ಸೆನ್ಸರ್ ಇದೆ. ಎಷ್ಟು ಬಾಗಿದೆ ಅಂತ ಎಬಿಎಸ್‌ಗೆ ಮೊದಲೇ ಗೊತ್ತಿರುವುದರಿಂದ ಒತ್ತಡವನ್ನು ಮೆಲ್ಲಗೆ ಏರಿಸುತ್ತದೆ. ವಾಹನಗಳ ಬಿಡಿಭಾಗ ಮಾಡುವ ಬಾಷ್ ಕಂಪನಿ ಈ ವ್ಯವಸ್ಥೆ ತಂದದ್ದು 2013ರಲ್ಲಿ, ಕೆಟಿಎಂ 1190 ಅಡ್ವೆಂಚರ್ ಜೊತೆ. ಎಂಜಿನ್ ಶಕ್ತಿಗಿಂತ ಇದಕ್ಕೆ ದುಡ್ಡು ಕೊಡುವುದು ಮೇಲು ಅನ್ನುತ್ತೇನೆ ನಾನು.

ರಸ್ತೆ ಬದಿ ನಿಂತಾಗ ಸಸ್ಪೆನ್ಷನ್, ಅಂದರೆ ಕುಲುಕು ತಡೆಯುವ ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್‌ಗಳ ಮಾತೂ ಬಂತು. ಈ ಬೈಕಿನಲ್ಲಿ ಅದಕ್ಕೆ ಎಲೆಕ್ಟ್ರಾನಿಕ್ಸ್ ಇಲ್ಲ. ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಎಸ್‌ನಂಥ ದೊಡ್ಡ ಬೈಕುಗಳಲ್ಲಿ ಶಾಕ್ ಅಬ್ಸಾರ್ಬರ್ ಒಳಗೆ ಎಣ್ಣೆ ಹರಿಯುವ ದಾರಿಗೆ ವಿದ್ಯುತ್ ವಾಲ್ವ್ ಇರುತ್ತದೆ. ಬ್ರೇಕ್ ಹಿಡಿದಾಗ ಮುಂಭಾಗ ಕುಸಿಯದ ಹಾಗೆ ಅದು ಬಿಗಿಯಾಗುತ್ತದೆ. ಗುಂಡಿ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಸಡಿಲ. 2023ರ ಆಗಸ್ಟ್‌ನಿಂದ ಬೈಕುಗಳಿಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ್. ಸರ್ವೀಸ್ ರಸ್ತೆಯ ಹಂಪುಗಳೇ ನಮ್ಮ ಪಾಲು. ಅಲ್ಲಿ ಇಂಥದ್ದು ಇದ್ದರೆ ಸೊಂಟಕ್ಕೆ ಎಷ್ಟು ಹಿತ, ಅಲ್ವಾ?

ಮುಂದೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮಣ್ಣು ದಾರಿ ಹಿಡಿದೆವು. ಅಲ್ಲಿ ಎಬಿಎಸ್ ಅನ್ನು ಆಫ್‌ರೋಡ್ ಮೋಡ್‌ಗೆ ಹಾಕಿದೆ. ಆಗ ಹಿಂದಿನ ಚಕ್ರಕ್ಕೆ ಎಬಿಎಸ್ ಇರುವುದಿಲ್ಲ, ಬಾಗಿನ ಲೆಕ್ಕವೂ ನಿಲ್ಲುತ್ತದೆ. ಸಡಿಲ ಮಣ್ಣಿಗೆ ಅದೇ ಸರಿ. ಟಾರಿನ ತಿರುವಿಗೆ ಅಲ್ಲ. ಹಾಗಾಗಿ ಟಾರು ಸಿಗುವ ಮುಂಚೆಯೇ ಬೈಕ್ ನಿಲ್ಲಿಸಿ ರೋಡ್ ಮೋಡ್‌ಗೆ ಬದಲಿಸಿದೆ. ಪರದೆ ಮೇಲೆ ಅದು ಬಂದದ್ದನ್ನು ಖಚಿತ ಮಾಡಿಕೊಂಡೇ ಪಾಂಡವಪುರದ ರಸ್ತೆಗೆ ಇಳಿದೆ.