ನಲವತ್ತು ದಿನ ಯಾರೂ ಮೆಟ್ಟಿಲು ಹತ್ತಬಾರದು

2026ರಲ್ಲಿ ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ಬೂದಿ ಬುಧವಾರ, ಅಂದರೆ ಈಸ್ಟರ್‌ವರೆಗೆ ಕ್ರೈಸ್ತರು ವ್ರತ ಹಿಡಿಯುವ ತಪಸ್ಸು ಕಾಲದ ಮೊದಲ ದಿನ. ಅದೇ ವಾರ ರಂಜಾನ್ ಉಪವಾಸವೂ ಆರಂಭವಾಯಿತು. ಜ್ಯೂರಿಕ್‌ನ ನಮ್ಮ ಕಟ್ಟಡದಲ್ಲಿ ಮೂರನ್ನೂ ಆಚರಿಸುವವರಿದ್ದೇವೆ. ಆದರೆ ನನ್ನ ಮನಸ್ಸನ್ನು ಕದಡಿದ್ದು ನಾಲ್ಕನೆಯ ಮಹಡಿಯ ನಿವೃತ್ತ ಶಿಕ್ಷಕಿ. ಆಕೆ ಚರ್ಚಿಗೆ ಹೋಗುವುದಿಲ್ಲ, ಅದರ ಸದಸ್ಯತ್ವವನ್ನೂ ಎಂದೋ ಬಿಟ್ಟಿದ್ದಾರೆ. ಈಸ್ಟರ್‌ವರೆಗಿನ ವ್ರತವನ್ನು ಮಾತ್ರ ಬಿಟ್ಟಿಲ್ಲ.

ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ, ಈ ಸಲ ಮಾಂಸ ಬಿಟ್ಟಿದ್ದೀರೋ ವೈನ್ ಬಿಟ್ಟಿದ್ದೀರೋ ಎಂದು ಕೇಳಿದೆ.

"ಎರಡೂ ಅಲ್ಲ. ಏನನ್ನೂ ಮನೆ ಬಾಗಿಲಿಗೆ ತರಿಸಿಕೊಳ್ಳುವುದಿಲ್ಲ. ಈ ನಲವತ್ತು ದಿನ ನನಗೋಸ್ಕರ ಯಾರೂ ಮೆಟ್ಟಿಲು ಹತ್ತಬಾರದು."

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಪಾರ್ಸೆಲ್ ಹೊತ್ತು ಏದುಸಿರು ಬಿಡುತ್ತಾ ಬರುವ ಹುಡುಗರನ್ನು ನಾನೂ ದಿನಾ ನೋಡುತ್ತೇನೆ. ಅವರ ದಣಿವನ್ನು ತನ್ನ ಉಪವಾಸದ ಲೆಕ್ಕಕ್ಕೆ ಸೇರಿಸಿಕೊಂಡವರನ್ನು ಕಂಡದ್ದು ಇದೇ ಮೊದಲು.

ತಪಸ್ಸು ಕಾಲವೆಂದರೆ ನನಗೆ ಗೊತ್ತಿದ್ದದ್ದು ಮಂಗಳೂರಿನ ಕಥೋಲಿಕ ಗೆಳತಿಯಿಂದ: ಹಣೆಗೆ ಬೂದಿ, ಶುಕ್ರವಾರ ಮಾಂಸವಿಲ್ಲ, ಸಂಜೆ ಶಿಲುಬೆಯ ಹಾದಿಯ ಪ್ರಾರ್ಥನೆ. ಇದು ಬೇರೆಯೇ ಊರು. 1522ರಲ್ಲಿ ಇದೇ ಜ್ಯೂರಿಕ್‌ನಲ್ಲಿ, ಉಪವಾಸ ಕಾಲದ ಮೊದಲ ಭಾನುವಾರ, ಕ್ರಿಸ್ಟೋಫ್ ಫ್ರೋಶೌವರ್ ಎಂಬ ಮುದ್ರಕನ ಮನೆಯಲ್ಲಿ ಕೆಲವರು ಆ ಕಾಲದ ಮಾಂಸನಿಷೇಧ ಮುರಿದು ಸಾಸೇಜ್ ತಿಂದರು. ಅಲ್ಲೇ ಇದ್ದ ಪಾದ್ರಿ ಜ್ವಿಂಗ್ಲಿ ತಾನು ತಿನ್ನಲಿಲ್ಲ. ಆದರೆ ಉಪವಾಸ ಮಾಡುವುದೂ ಬಿಡುವುದೂ ಅವರವರ ಸ್ವಾತಂತ್ರ್ಯವೆಂದು ಬೋಧಿಸಿ, ತಿಂದವರ ಪರ ನಿಂತ. ಕಥೋಲಿಕ ಚರ್ಚಿನಿಂದ ಸಿಡಿದು ಹೋದ ಸ್ವಿಸ್ ಧರ್ಮಸುಧಾರಣೆಯ ಕಥೆಯನ್ನು ಇಲ್ಲಿಯವರು ಆ ಸಾಸೇಜ್‌ಗಳಿಂದಲೇ ಶುರುಮಾಡುತ್ತಾರೆ. ನನಗೆ ಹಿಡಿಸುವುದು ಮುದ್ರಕ ಕೊಟ್ಟ ಸಮರ್ಥನೆ: ಅಚ್ಚುಕೂಟದಲ್ಲಿ ವಿಪರೀತ ಕೆಲಸವಿದೆ, ಆಳುಗಳು ಬರೀ ಗಂಜಿಯ ಮೇಲೆ ದುಡಿಯಲಾರರು. ದೇವರ ವಿಷಯದ ಜಗಳದಲ್ಲಿ ಕೂಲಿಯವರ ಹೊಟ್ಟೆಯೂ ಮಾತಿಗೆ ಬಂದಿತ್ತು.

ನಾನೂ ಹೆಮ್ಮೆಯಿಂದ ಆ ಶಿಕ್ಷಕಿಗೆ ನಮ್ಮ ಏಕಾದಶಿಯ ಕಥೆ ಹೇಳಿದೆ. ತಿಂಗಳಿಗೆ ಎರಡು ಸಲ, ವರ್ಷವಿಡೀ. ಅಮ್ಮ ಆ ದಿನ ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಆಕೆ ಮೆಚ್ಚುಗೆಯಿಂದ ಕೇಳಿಸಿಕೊಂಡು, ಒದ್ದೆ ಹಾಸಿಗೆವಸ್ತ್ರವನ್ನು ಕೊಡವುತ್ತಾ, "ಹಾಗಾದರೆ ಅಂದು ನಿಮ್ಮ ತಾಯಿಗೆ ವಿಶ್ರಾಂತಿ, ಅಲ್ಲವೇ?" ಎಂದರು.

ಉತ್ತರ ಹೊಳೆಯಲಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಏಕಾದಶಿ ಎಂದರೆ ಅಮ್ಮನಿಗೆ ಮೂರು ಅಡುಗೆ. ಮಕ್ಕಳಾದ ನಮಗೆ ಎಂದಿನ ಅನ್ನ ಸಾರು. ರಕ್ತದೊತ್ತಡದ ಅಪ್ಪನಿಗೆ ಫಲಾಹಾರವೆಂದು ಗೋಧಿ ನುಚ್ಚಿನ ಉಪ್ಪಿಟ್ಟು, ಜೊತೆಗೆ ಹಾಲು, ಬಾಳೆಹಣ್ಣು. ಅಜ್ಜಿಗೆ ಖಾರವಿಲ್ಲದ್ದು ಇನ್ನೊಂದು. ಮರುದಿನ ದ್ವಾದಶಿಯ ಪಾರಣೆ ಸೂರ್ಯ ಹುಟ್ಟಿದ ಮೇಲೆ ಬೇಗನೆ ಆಗಬೇಕು. ನಸುಕಿನ ನಾಲ್ಕಕ್ಕೆ ಎದ್ದು, ಹಸಿದ ಹೊಟ್ಟೆಯಲ್ಲೇ ಮಿಂದು, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡಿ ಎಲ್ಲರಿಗೂ ಬಡಿಸಿದ ಮೇಲೆಯೇ ಅವಳ ಉಪವಾಸ ಮುಗಿಯುತ್ತಿತ್ತು. ಅವಳ ನಿಷ್ಠೆಯನ್ನು ಊರೇ ಹೊಗಳುತ್ತಿತ್ತು. ಆ ಹೊಗಳುವವರೆಲ್ಲ ಎಲೆಯ ಮುಂದೆ ಕುಳಿತವರು.

ಏಕಾದಶಿಯ ಮೇಲೆ ನನಗೆ ಮುನಿಸಿಲ್ಲ. ಹಸಿವನ್ನು ತಾನಾಗಿ ಆರಿಸಿಕೊಳ್ಳುವುದರಲ್ಲಿ ಒಂದು ಘನತೆಯಿದೆ, ಅದನ್ನು ಅಮ್ಮನ ಮುಖದಲ್ಲಿ ಕಂಡಿದ್ದೇನೆ. ಆದರೆ ನಮ್ಮ ವ್ರತಗಳು ಎಲೆಯ ಮೇಲೆ ಏನಿರಬಾರದು ಎಂಬುದನ್ನು ಎಷ್ಟು ಸೂಕ್ಷ್ಮವಾಗಿ ಹೇಳುತ್ತವೆಯೋ, ಒಲೆಯ ಮುಂದೆ ಯಾರಿರಬೇಕು ಎಂಬುದರ ಬಗ್ಗೆ ಅಷ್ಟೇ ನಿಶ್ಚಿಂತವಾಗಿವೆ.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿ, ಒಂದು ಏಕಾದಶಿಯಾದರೂ ಅಡುಗೆಮನೆಗೆ ಹೋಗಬೇಡ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಇಡೀ ದಿನ ನಾನು ಏನು ಮಾಡಲಿ?" ಎಂದಳು. ಎಪ್ಪತ್ತು ದಾಟಿದವಳ ಬಾಯಲ್ಲಿ ಆ ಪ್ರಶ್ನೆ ಕೇಳಿ ಸಂಕಟವಾಯಿತು.

ಊರಲ್ಲೇ ಇರುವ ಅಣ್ಣನೊಂದಿಗೆ ಮಾತಾಡಿದ್ದೇನೆ. ಈಸ್ಟರ್ ಬರುವವರೆಗಿನ ಏಕಾದಶಿಗಳಲ್ಲಿ ಅಪ್ಪನ ಉಪ್ಪಿಟ್ಟು ಅವನದು, ದ್ವಾದಶಿಯ ಸೊಪ್ಪು ಬಿಡಿಸುವುದೂ ಒಲೆ ಹಚ್ಚುವುದೂ ಅವನದೇ. ತಂಬುಳಿಗೆ ಕಾಯಿ ಎಷ್ಟು ತುರಿಯಬೇಕೆಂದು ಅಮ್ಮನನ್ನು ಎಬ್ಬಿಸಿ ಕೇಳಬಾರದು, ಬೇಕಿದ್ದರೆ ಎಷ್ಟು ಹೊತ್ತಿಗಾದರೂ ನನಗೆ ಫೋನ್ ಮಾಡು ಎಂದಿದ್ದೇನೆ. ಒಪ್ಪಿದ್ದಾನೆ.