ಗುರುವಾರ ಬುಧವಾರವಾದ ದಿನ

ಸಾಗರದಲ್ಲಿ ನಮ್ಮದೊಂದು ಸಣ್ಣ ಪ್ರೆಸ್. ಅಪ್ಪ ಶುರುಮಾಡಿದ್ದು. ಆಗ ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನು, ಖಾನೆ ಖಾನೆಯಲ್ಲಿ ಸೀಸದ ಅಚ್ಚುಮೊಳೆ. ಈಗ ಒಂದು ಕಂಪ್ಯೂಟರು, ನಾನು, ನನ್ನ ಹೆಂಡತಿ, ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಒಬ್ಬ ಹುಡುಗ. ಬಿಲ್ ಬುಕ್ಕು, ಕರಪತ್ರ ವರ್ಷವಿಡೀ ಇರುತ್ತವೆ. ಆದರೆ ಮನೆ ನಡೆಯುವುದು ಮದುವೆ ಕಾಗದದಿಂದ. ನಮ್ಮ ಕಡೆ ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ಮದುವೆಗಳ ಸಾಲು. ಆಷಾಢ ಬಂತೆಂದರೆ ಎಲ್ಲ ನಿಂತಿತು.

ಆ ವರ್ಷ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ 120 ಎಂದು ಬರೆದಿದ್ದೆ. ಸೀಸನ್ನಿಗೆ 120 ಮದುವೆಗಳ ಕಾಗದ, ಅದೇ ಗುರಿ. ಹಿಂದಿನ ವರ್ಷ 90 ಆಗಿತ್ತು. ಬಂದವರಿಗೆಲ್ಲ ಆಯ್ತು ಅಂದೆ. ನಾಡಿದ್ದೇ ಬೇಕು ಅಂದವರಿಗೂ ಆಯ್ತು ಅಂದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಹೆಣ್ಣಿನ ತಂದೆಯೊಬ್ಬರು ಬಂದು ನಿಂತರು. ಕೈಯಲ್ಲಿ ನಾವೇ ಕೊಟ್ಟ ಕಾಗದದ ಕಟ್ಟು. ಬೈಯಲಿಲ್ಲ. ಒಂದು ಕಾಗದ ತೆಗೆದು ಮುಂದಿಟ್ಟು ಬೆರಳು ತೋರಿಸಿದರು. ತಾರೀಖು ಸರಿಯಿತ್ತು. ವಾರ ಮಾತ್ರ ಬುಧವಾರ ಎಂದಿತ್ತು. ಮುಹೂರ್ತ ಇದ್ದದ್ದು ಗುರುವಾರ. "ದೂರದ ನೆಂಟರು ಇದರಲ್ಲಿ ಯಾವುದನ್ನ ನಂಬಬೇಕು?" ಅಂದರು. 600ರಲ್ಲಿ ಆಗಲೇ 150 ಹಂಚಿಯಾಗಿತ್ತು.

ತಪ್ಪು ಹೇಗಾಯಿತು ಎಂದು ಹುಡುಕಿದೆ. ಹೊಸದಾಗಿ ಟೈಪ್ ಮಾಡಲು ಪುರುಸೊತ್ತಿಲ್ಲದೆ ಬೇರೆ ಮದುವೆಯ ಹಳೆ ಫೈಲು ತೆರೆದು ಅದರ ಮೇಲೇ ಹೆಸರು, ತಾರೀಖು ಬದಲಿಸಿದ್ದೆ. ಬುಧವಾರ ಆ ಹಳೆ ಮದುವೆಯದ್ದು. ಪ್ರೂಫ್ ಕಳಿಸಿದ್ದೆ, ಆದರೆ ವಾಟ್ಸಾಪಿನಲ್ಲಿ, ರಾತ್ರಿ 11ಕ್ಕೆ, ಹುಡುಗಿಯ ಅಣ್ಣನಿಗೆ. ಅವನು ಹೆಬ್ಬೆರಳು ಒತ್ತಿ ಮಲಗಿದ್ದ. ನೆಂಟರ ಹೆಸರು ಸೇರಿಸಲು ಫೋನ್ ಮಾಡಿದ್ದು ಮಾವ. ಅಂಗಡಿಗೆ ಬಂದು ಮುಂಗಡ ಕೊಟ್ಟಿದ್ದು ತಂದೆ. ಮೂವರೊಂದಿಗೆ ಮಾತಾಡಿದ್ದೆ. ಪೂರ್ತಿ ಕಾಗದವನ್ನು ಒಬ್ಬರೂ ಓದಿರಲಿಲ್ಲ, ನಾನೂ ಓದಿರಲಿಲ್ಲ.

ಆ ಡಿಸೈನಿನ ಖಾಲಿ ಕಾರ್ಡು ಊರಲ್ಲಿ ಮುಗಿದಿತ್ತು. ಹುಡುಗ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ತಂದ. ರಾತ್ರಿ ಮತ್ತೆ ಸ್ಕ್ರೀನ್ ಮಾಡಿ ಎಳೆದೆವು. ಚಿನ್ನದ ಬಣ್ಣದ ಇಂಕು ಬೇಗ ಒಣಗುವುದಿಲ್ಲ, ಒಂದರ ಮೇಲೊಂದು ಇಟ್ಟರೆ ಅಂಟುತ್ತದೆ. ಮೇಜು, ಬೆಂಚು, ನೆಲ, ಕೊನೆಗೆ ಒಳಮನೆಯ ಮಂಚದ ಮೇಲೂ ಹರಡಿದೆವು. ಕೈಯಿಂದ ಸುಮಾರು 9,000 ರೂಪಾಯಿ ಹೋಯಿತು. ಬೇರೆ ಐದು ಮನೆಯವರ ಕೆಲಸ ತಡವಾಯಿತು. ಅದೆಲ್ಲ ಹೋಗಲಿ. ಹಂಚಿದ್ದ 150 ಮನೆಗೂ ಆ ತಂದೆಯೇ ಕೂತು ಒಂದೊಂದಾಗಿ ಫೋನ್ ಮಾಡಿದರು. ಮಗಳ ಮದುವೆಗೆ ಮೂರು ವಾರ ಇರುವಾಗ ಅವರಿಗೆ ನಾನು ಕೊಟ್ಟ ಕೆಲಸ ಅದು. ಅದು ಈಗಲೂ ಚುಚ್ಚುತ್ತದೆ.

ಅಪ್ಪ ಕರಡು ಅಚ್ಚು ತೆಗೆದು ಗಿರಾಕಿಯ ಕೈಗೆ ಕೊಡುತ್ತಿದ್ದರು. ಜೋರಾಗಿ ಓದಿ ಅನ್ನುತ್ತಿದ್ದರು. ಮೊಳೆಗೆ ತೂಗುಹಾಕಿದ್ದ ಪಂಚಾಂಗದಲ್ಲಿ ತಿಥಿ, ವಾರ ತಾವೇ ನೋಡಿಕೊಳ್ಳುತ್ತಿದ್ದರು. ದಿನಕ್ಕೆ ಎರಡು ಕೆಲಸ, ಹೆಚ್ಚೆಂದರೆ ಮೂರು. ಅದು ನಿಧಾನ ಎಂದುಕೊಂಡಿದ್ದೆ ನಾನು. ನಾನು ಬರೆದಿದ್ದ 120 ಎಷ್ಟು ಜನರಿಗೆ ಹೂಂ ಅನ್ನಬೇಕು ಎನ್ನುವ ಲೆಕ್ಕ ಅಷ್ಟೇ. ಎಷ್ಟು ಮನೆಗೆ ಸರಿಯಾದ ಕಾಗದ ಮುಟ್ಟಬೇಕು ಎನ್ನುವ ಲೆಕ್ಕವೇ ಅದರಲ್ಲಿ ಇರಲಿಲ್ಲ.

ಮುಂದಿನ ಸೀಸನ್ನಿಗೆ ಕ್ಯಾಲೆಂಡರಿನ ಮೇಲೆ ಸೊನ್ನೆ ಬರೆದೆ. ನಮ್ಮ ತಪ್ಪಿಗೆ ಮತ್ತೆ ಅಚ್ಚು ಹಾಕುವುದು ಸೊನ್ನೆ. ದಿನಕ್ಕೆ ಎರಡೇ ಹೊಸ ಕಾಗದ. ಮೊದಲ ದಿನವೇ ಕೇಳುತ್ತೇನೆ, ನಿಮ್ಮ ಮನೆಯಿಂದ ನನ್ನ ಜೊತೆ ಮಾತಾಡುವವರು ಯಾರು? ಒಬ್ಬರ ಹೆಸರು ಹೇಳಿ. ಒಕ್ಕಣೆಯನ್ನು ಅವರು ವಾಟ್ಸಾಪಿನಲ್ಲಿ, ಫೋನಿನ ಯೂನಿಕೋಡ್ ಅಕ್ಷರದಲ್ಲಿ ಕಳಿಸುತ್ತಾರೆ. ನಾವು ಅದನ್ನು ಅಚ್ಚಿಗೆ ಬಳಸುವ ನುಡಿ ಫಾಂಟಿಗೆ ಬದಲಿಸಿಕೊಳ್ಳುವಾಗ ಕೆಲವೊಮ್ಮೆ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ಹಾಗಾಗಿ ಪ್ರೂಫು ಕಾಗದದ ಮೇಲೇ, ಅಂಗಡಿಯಲ್ಲೇ, ಜೋರಾಗಿ ಓದಿ ಸಹಿ ಹಾಕಬೇಕು. ಸಹಿಯಾದ ಐದನೇ ದಿನ ಕಾಗದ ಕೈಗೆ. ಸಹಿಯಾದ ಮೇಲೆ ಚಿಕ್ಕಪ್ಪನ ಹೆಸರು ಸೇರಿಸಬೇಕೆಂದರೆ ಅದರ ಖರ್ಚು ಅವರದ್ದು. ಇದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಹೇಳುತ್ತೇನೆ. ಹಾಗೆ ಹೇಳಲು ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ.

ಕೆಲವರು ಎದ್ದು ಹೋದರು. ಹಳೆ ಗಿರಾಕಿಯೊಬ್ಬರು, ನಮ್ಮ ಮೇಲೇ ನಂಬಿಕೆ ಇಲ್ವಾ ಎಂದು ಬೇಜಾರಾದರು. ಅವರು ಆಮೇಲೆ ಬರಲೇ ಇಲ್ಲ. ಆ ಸೀಸನ್ನಿನಲ್ಲಿ ಆದದ್ದು 84 ಕಾಗದ. ಕೈಯಲ್ಲಿ ಉಳಿದ ದುಡ್ಡು ಮಾತ್ರ 120ರ ವರ್ಷಕ್ಕಿಂತ ಜಾಸ್ತಿ ಇತ್ತು, ಹೆಂಡತಿ ಎರಡು ಸಲ ಕೂಡಿಸಿ ನೋಡಿದಳು.

ಈ ವರ್ಷವೂ ಸೊನ್ನೆ ಬರೆದಿದ್ದೇನೆ. ಇವತ್ತಿನವರೆಗೆ ಒಂದು ಸಲ ಮತ್ತೆ ಅಚ್ಚು ಹಾಕಿದ್ದಾಗಿದೆ. ತಾಳಗುಪ್ಪದ ಮನೆಯವರದ್ದು, ಛತ್ರದ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಅವರು ಓದುವಾಗ ನಾನು ಫೋನಿನಲ್ಲಿದ್ದೆ. ಈಗ ಪ್ರೂಫ್ ಓದುವ ಹೊತ್ತಿಗೆ ಫೋನು ಒಳಗೆ ಹೆಂಡತಿಯ ಹತ್ತಿರ ಇರುತ್ತದೆ.